ಲೇಥಿನ ಡಯಲ್ಲು, ನನ್ನ ಕಣ್ಣು

ಹೋದ ವರ್ಷ ದಸರಾ ರಜೆಯಲ್ಲಿ ಮೊಮ್ಮಗನಿಗೆ ಒಂದು ಸುಳ್ಳು ಹೇಳಿದೆ. "ಹಿತ್ತಾಳೆ ಸರಿ ಇರ್ಲಿಲ್ಲ ಕಣೋ, ಅದಕ್ಕೇ ಪಿಸ್ಟನ್ ಕೆಟ್ಟೋಯ್ತು" ಅಂತ. ಹಿತ್ತಾಳೆ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಬೇರೆ. ಆ ಸುಳ್ಳಿನಿಂದ ಶುರುವಾದ ಕೆಲಸ ಈ ಬೇಸಿಗೆಯಲ್ಲಿ ಮುಗಿಯಿತು. ಅದರ ಕಥೆ ಇದು. ಸ್ವಲ್ಪ ಲೆಕ್ಕ ಬರುತ್ತದೆ, ಹೆದರಬೇಡಿ. ಐದರ ಮಗ್ಗಿ ಬಂದರೆ ಸಾಕು.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಹರಿಹರದ ಕಡೆಯವನು. ಐಟಿಐ ಮುಗಿಸಿ ಲೇಥ್ ಹಿಡಿದದ್ದು ಅಲ್ಲೇ. ನಮ್ಮೂರಿಗೆ ಲೇಥ್ ಅಂದರೆ ಹೊಸದೇನಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದ ಮೇಲೆ, ಸುತ್ತಮುತ್ತ ಮನೆಗೊಬ್ಬ ಟರ್ನರೋ ಫಿಟ್ಟರೋ ಇದ್ದೇ ಇರುತ್ತಿದ್ದ. ಊರಿನ ಮದುವೆ ಮನೆಗಳಲ್ಲಿ ಗಂಡಸರು ಮಳೆ ಬೆಳೆಯ ಜೊತೆಗೆ ಶಿಫ್ಟಿನ ಮಾತನ್ನೂ ಆಡುತ್ತಿದ್ದರು. ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಆದರೆ ಅಲ್ಲಿ ತಯಾರಾದ 'ಎಂಟರ್‌ಪ್ರೈಸ್' ಲೇಥುಗಳು ಇವತ್ತಿಗೂ ದೇಶದ ಮೂಲೆ ಮೂಲೆಯ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ. ನಾನು 1981ರಲ್ಲಿ ಪುಣೆಗೆ ಬಂದು ಭೋಸರಿಯ ಒಂದು ಟೂಲ್‌ರೂಮಿಗೆ ಸೇರಿದಾಗ ನನಗೆ ಕೊಟ್ಟ ಮೊದಲ ಮೆಷಿನ್ನೂ ಅದೇ ಆಗಿತ್ತು. ಭಾಷೆ ಬಾರದ ಊರಲ್ಲಿ ನಮ್ಮೂರ ಮುಖ ಕಂಡಂತಾಯಿತು. ಅಂದು ಬಂದವನು ಇಲ್ಲೇ ಉಳಿದೆ. ನಾನು ಕರ್ನಾಟಕ ಬಿಟ್ಟು ಪುಣೆಗೆ ಬಂದೆ, ನನ್ನ ಮಗ ಪುಣೆ ಬಿಟ್ಟು ಬೆಂಗಳೂರಿಗೆ ಹೋದ. ಲೆಕ್ಕ ಚುಕ್ತಾ!

2016ರಲ್ಲಿ ನಿವೃತ್ತಿ ಆಯಿತು. ಎರಡು ವರ್ಷ ಹಾಗೂ ಹೀಗೂ ತಳ್ಳಿದೆ. ಪೇಪರ್ ಓದಿದೆ, ತರಕಾರಿ ತಂದೆ, ಶ್ರೀಮತಿಯ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಳತೆ ಪ್ರಕಾರ ಜೋಡಿಸಿ ಬೈಸಿಕೊಂಡೆ. "ರೀ, ನಿಮಗೆ ಒಂದು ಮೆಷಿನ್ ತಗೊಂಬಿಡಿ, ನನ್ನ ಅಡುಗೆಮನೆ ಬಿಟ್ಟುಬಿಡಿ" ಅಂದಳು. ಅವಳು ಹೇಳಿದ್ದು ತಮಾಷೆಗೆ, ನಾನು ತೆಗೆದುಕೊಂಡದ್ದು ಅಪ್ಪಣೆ ಅಂತ. ನಿಗಡಿಯ ನಮ್ಮ ಮನೆಯ ಹಿಂದಿನ ಸಣ್ಣ ಕೋಣೆಗೆ ಒಂದು ಮಿನಿ ಲೇಥ್ ಬಂತು. ಚೀನಾದಲ್ಲಿ ತಯಾರಾಗಿ ಹತ್ತಾರು ಹೆಸರು, ಬಣ್ಣಗಳಲ್ಲಿ ಮಾರಾಟವಾಗುವ ಪುಟ್ಟ ಮೆಷಿನ್. ಇಬ್ಬರು ಹಿಡಿದರೆ ಎತ್ತಬಹುದು. ಎಂಟರ್‌ಪ್ರೈಸ್ ಮೇಲೆ ಕೈ ಪಳಗಿದವನಿಗೆ ಇದು ಆನೆ ಬಿಟ್ಟು ಆಡಿನ ಮೇಲೆ ಕೂತ ಹಾಗೆ. ಆದರೂ ನನ್ನದು, ನನ್ನ ಮನೆಯಲ್ಲಿರುವುದು.

ಈಗ ಪಿಸ್ಟನ್ನಿನ ವಿಷಯಕ್ಕೆ ಬರೋಣ.

ಮೊಮ್ಮಗನಿಗೆ ಅಂತ ಒಂದು ಪುಟ್ಟ ಸ್ಟೀಮ್ ಎಂಜಿನ್ ಮಾಡುತ್ತಿದ್ದೆ. ಸೈಕಲ್ ಪಂಪಿನ ಗಾಳಿ ಕೊಟ್ಟರೂ ಓಡುವಂಥದ್ದು. ಸಿಲಿಂಡರಿನ ಒಳವ್ಯಾಸ 20 ಮಿ.ಮೀ. ಪಿಸ್ಟನ್ 19.97ಕ್ಕೆ ಬರಬೇಕು. ಹುಡುಗ ಪಕ್ಕದಲ್ಲೇ ಸ್ಟೂಲಿನ ಮೇಲೆ ಕನ್ನಡಕ ಹಾಕಿಕೊಂಡು (ಲೋಹದ ಚೂರು ಸಿಡಿಯುತ್ತದಲ್ಲ, ಅದಕ್ಕೆ) ಕೂತಿದ್ದ. ಕೊನೆಯ ಕಟ್. ಡಯಲ್ಲನ್ನು 20ಕ್ಕೆ ತಂದೆ ಅಂದುಕೊಂಡು ಓಡಿಸಿದೆ. ಮೈಕ್ರೋಮೀಟರ್ ಹಿಡಿದು ನೋಡಿದರೆ 19.47! ಪಿಸ್ಟನ್ನನ್ನು ಸಿಲಿಂಡರಿಗೆ ಹಾಕಿದರೆ ಬಾವಿಗೆ ಬಿಂದಿಗೆ ಬಿದ್ದ ಹಾಗೆ ಬಿತ್ತು. ಡಯಲ್ ಹತ್ತಿರ ಮೂಗು ತಾಗಿಸಿ ನೋಡಿದೆ. ಅದು 20 ಅಲ್ಲ, 30 ಆಗಿತ್ತು.

ಲೆಕ್ಕ ಹೀಗೆ. ಈ ಮೆಷಿನ್ನಿನ ಕ್ರಾಸ್ ಸ್ಲೈಡಿನ ಸ್ಕ್ರೂ ಒಂದು ಸುತ್ತು ತಿರುಗಿದರೆ ಟೂಲ್ 1 ಮಿ.ಮೀ. ಮುಂದೆ ಹೋಗುತ್ತದೆ. ಆ ಒಂದು ಸುತ್ತನ್ನು ಡಯಲ್ ಮೇಲೆ 40 ಭಾಗ ಮಾಡಿದ್ದಾರೆ, ಅಂದರೆ ಒಂದು ಗೆರೆಗೆ 0.025 ಮಿ.ಮೀ. ಇಂಚಿನ ಸಾವಿರದ ಒಂದು ಭಾಗಕ್ಕೂ ಅದು ಹತ್ತಿರವಾದ್ದರಿಂದ ಒಂದೇ ಸ್ಕ್ರೂನಲ್ಲಿ ಎರಡೂ ಊರಿನ ಗಿರಾಕಿಗಳನ್ನು ಸುಧಾರಿಸಿದ್ದಾರೆ. ಜಾಬ್ ತಿರುಗುತ್ತಿರುವುದರಿಂದ ಟೂಲ್ ಎಷ್ಟು ಒಳಗೆ ಹೋಯಿತೋ ಅದರ ಎರಡರಷ್ಟು ವ್ಯಾಸ ಕಡಿಮೆಯಾಗುತ್ತದೆ. ಹತ್ತು ಗೆರೆ ಹೆಚ್ಚು ಅಂದರೆ ಕಾಲು ಮಿಲಿಮೀಟರ್ ಆಳ, ಅರ್ಧ ಮಿಲಿಮೀಟರ್ ವ್ಯಾಸ. ಟರ್ನರ್ ಜಗತ್ತಿನಲ್ಲಿ ಅರ್ಧ ಮಿಲಿಮೀಟರ್ ಅಂದರೆ ಹರಿಹರಕ್ಕೆ ಟಿಕೆಟ್ ತಗೊಂಡು ಹುಬ್ಬಳ್ಳಿಯಲ್ಲಿ ಇಳಿದ ಹಾಗೆ.

"ಏನಾಯ್ತು ಅಜ್ಜ?" ಅಂದ ಹುಡುಗ. ಮೂವತ್ತೈದು ವರ್ಷ ಸರ್ವಿಸ್ ಮಾಡಿದವನ ಬಾಯಲ್ಲಿ "ಡಯಲ್ ಸರಿಯಾಗಿ ಕಾಣಲಿಲ್ಲ" ಅನ್ನುವ ಮಾತು ಬರಲಿಲ್ಲ. ಹಿತ್ತಾಳೆಯ ಮೇಲೆ ತಪ್ಪು ಹೊರಿಸಿದೆ.

ಆ ಮಾತು ಬಾಯಿಗೆ ಯಾಕೆ ಬರಲಿಲ್ಲ ಅನ್ನುವುದಕ್ಕೆ ಒಂದು ಹಳೆಯ ಕಾರಣ ಇದೆ. ಅದನ್ನು ಇಲ್ಲಿ ಬರೆಯಲೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿದೆ. ಬರೆದುಬಿಡುತ್ತೇನೆ.

1997ನೇ ಇಸವಿ. ಆಗ ನನ್ನ ಕೈಕೆಳಗೆ ಆರು ಹುಡುಗರು. ಅದರಲ್ಲಿ ಒಬ್ಬ ನಾಂದೇಡ ಕಡೆಯವನು, ಹತ್ತೊಂಬತ್ತು ವರ್ಷ ಇರಬೇಕು. ಕೆಲಸದಲ್ಲಿ ಶ್ರದ್ಧೆ ಇತ್ತು. ಆದರೆ ತಲೆಯನ್ನು ತಿರುಗುವ ಚಕ್ಕಿನ ಹತ್ತಿರ ತಂದು ಡಯಲ್ ನೋಡುತ್ತಿದ್ದ. ನಾನು ಹಿಂದಿನಿಂದ ಹೋಗಿ ಕಾಲರ್ ಹಿಡಿದು ಎಳೆಯುತ್ತಿದ್ದೆ. ಚಕ್ಕಿಗೆ ಕೂದಲೋ ಬಟ್ಟೆಯೋ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡವನು. ತಲೆ ದೂರ ಇಟ್ಟ. ದೂರ ಇಟ್ಟ ಮೇಲೆ ಜಾಬ್ ಕೆಡಿಸತೊಡಗಿದ. ಒಂದು ದಿನ ಬೆಲೆಬಾಳುವ ಒಂದು ಬುಷ್ ಬೋರಿಂಗಿನಲ್ಲಿ ಅಳತೆ ಮೀರಿತು. ಕೇಳಿದ್ದಕ್ಕೆ, "ಸಾಹೇಬ, ಆಕಡೇ ನೀಟ ದಿಸತ ನಾಹೀತ" ಅಂದ. ಅಂಕಿಗಳು ಸರಿಯಾಗಿ ಕಾಣುವುದಿಲ್ಲ ಅಂತ. ನಾನು ಎಲ್ಲರೆದುರು, "ಕಾಣದಿದ್ದರೆ ಊರಿಗೆ ಹೋಗಿ ಎಮ್ಮೆ ಕಾಯಿ" ಅಂದೆ. ಮರಾಠಿಯಲ್ಲಿ ಅಂದೆ, ಎಲ್ಲರಿಗೂ ತಿಳಿಯಲಿ ಅಂತ. ಎಲ್ಲರೂ ನಕ್ಕರು. ಅವನೂ ನಕ್ಕ, ಅದೇ ಈಗ ನೆನಪಾಗುವುದು.

ಅವನನ್ನು ಲೇಥಿನಿಂದ ತೆಗೆದು ಸ್ಟೋರ್ಸಿಗೆ ಹಾಕಿದರು. ಹಾಕಿಸಿದ್ದು ನಾನೇ. ಕೆಲವು ವಾರ ಬಿಟ್ಟು ಡ್ರಿಲ್ ಬಿಟ್ ತರಲು ಹೋದಾಗ ಅವನು ದಪ್ಪ ಕನ್ನಡಕ ಹಾಕಿಕೊಂಡು ನಿಂತಿದ್ದ. "ಮೈನಸ್ ಮೂರು ಅಂತೆ ಸಾಹೇಬ" ಅಂದ. ಮೈನಸ್ ಮೂರರ ಕಣ್ಣಿಗೆ ಒಂದು ಅಡಿ ದೂರದವರೆಗೆ ಎಲ್ಲ ಸ್ವಚ್ಛ, ಅದರಾಚೆ ಮಬ್ಬು. ಡಯಲ್ ಇರುವುದು ಎರಡು ಅಡಿ ದೂರದಲ್ಲಿ. ತಲೆ ಬಗ್ಗಿಸಿದರೆ ನಾನು ಎಳೆಯುತ್ತಿದ್ದೆ, ಎತ್ತಿದರೆ ಅವನಿಗೆ ಕಾಣುತ್ತಿರಲಿಲ್ಲ. ಇಷ್ಟು ಲೆಕ್ಕ ನನಗೆ ಆಗ ಹೊಳೆಯಲಿಲ್ಲ, ಹೊಳೆದರೂ ವಾಪಸ್ ಲೇಥಿಗೆ ಬಾ ಅನ್ನಲಿಲ್ಲ. ಡ್ರಿಲ್ ಬಿಟ್ ತಗೊಂಡು ಬಂದೆ. ಆರು ತಿಂಗಳಲ್ಲಿ ಅವನು ಕೆಲಸ ಬಿಟ್ಟು ಹೋದ.

ಈಗ ನನ್ನ ಸರದಿ. 2021ರಲ್ಲಿ ಬಲಗಣ್ಣಿಗೆ, ಮುಂದಿನ ವರ್ಷ ಎಡಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಚೆನ್ನಾಗಿಯೇ ಆಗಿದೆ. ಆದರೆ ಒಳಗೆ ಕೂರಿಸಿದ ಮಸೂರ ದೂರದ ನೋಟಕ್ಕೆ ಹೊಂದಿಸಿದ್ದು. ಮೊದಲಿನ ಕಣ್ಣಿನ ಹಾಗೆ ಅದು ಹತ್ತಿರಕ್ಕೂ ದೂರಕ್ಕೂ ತಾನೇ ಹೊಂದಿಕೊಳ್ಳುವುದಿಲ್ಲ. ಈಗ ಬಸ್ಸಿನ ಬೋರ್ಡು ಓದಲು ಕನ್ನಡಕ ಬೇಡ, ಪೇಪರ್ ಓದಲು ಬೇಕು. ಆ ಓದುವ ಕನ್ನಡಕ ಕೆಲಸ ಮಾಡುವುದು ಒಂದು ಅಡಿಗಿಂತ ಸ್ವಲ್ಪ ಆಚೆಗೆ. ಲೇಥಿನ ಡಯಲ್ ಇದೆಯಲ್ಲ, ಅದು ಎರಡರ ನಡುವೆ ನಿಂತಿದೆ. ಬರಿಗಣ್ಣಿಗೂ ಮಬ್ಬು, ಕನ್ನಡಕಕ್ಕೂ ಮಬ್ಬು. ಹಾಗಾಗಿ ನಾನೂ ತಲೆ ಬಗ್ಗಿಸಿದೆ. ತಿರುಗುವ ಚಕ್ಕಿನ ಹತ್ತಿರ. ನನ್ನ ಕಾಲರ್ ಹಿಡಿದು ಎಳೆಯಲು ಹಿಂದೆ ಯಾರೂ ಇರಲಿಲ್ಲ, ಅಷ್ಟೇ.

ಮಗನಿಗೆ ಫೋನಿನಲ್ಲಿ ನಿಜ ಹೇಳಿದೆ. ಅವನು ಕೂಡಲೇ, "ಅಪ್ಪಾ, ಡಿಜಿಟಲ್ ರೀಡ್‌ಔಟ್ ಹಾಕಿಸಿಬಿಡು, ದೊಡ್ಡ ಅಕ್ಷರದಲ್ಲಿ ಕಾಣುತ್ತೆ" ಅಂದ. ತಪ್ಪಲ್ಲ. ಡಿಜಿಟಲ್ ಸ್ಕೇಲು ಸ್ಲೈಡ್ ನಿಜವಾಗಿ ಎಷ್ಟು ಸರಿಯಿತು ಅನ್ನುವುದನ್ನು ಅಳೆಯುತ್ತದೆ. ಡಯಲ್ಲು ಸ್ಕ್ರೂ ಎಷ್ಟು ತಿರುಗಿತು ಅನ್ನುವುದನ್ನಷ್ಟೇ ಹೇಳುತ್ತದೆ, ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲದ ಬಗ್ಗೆ ಅದಕ್ಕೇನೂ ಗೊತ್ತಿಲ್ಲ. ಅದಕ್ಕೇ ಡಯಲ್ ನಂಬುವವರು ಯಾವಾಗಲೂ ಒಂದೇ ದಿಕ್ಕಿನಿಂದ ಬರಬೇಕು, ದಾಟಿ ಹೋದರೆ ಪೂರ್ತಿ ಹಿಂದೆ ಹೋಗಿ ಮತ್ತೆ ಬರಬೇಕು. ಇಷ್ಟೆಲ್ಲ ಒಪ್ಪಿದೆ. ಆದರೆ ನನಗೆ ಬೇರೊಂದು ಹಠ ಹಿಡಿದಿತ್ತು. ಕೆಟ್ಟಿರುವುದು ನನ್ನ ಕಣ್ಣೋ, ಡಯಲ್ಲೋ? ಅದು ಗೊತ್ತಾಗಬೇಕಿತ್ತು.

ಡಯಲ್ಲನ್ನು ಬಿಚ್ಚಿ ಬೆಳಕಿಗೆ ಹಿಡಿದು ಮೊದಲ ಸಲ ಸರಿಯಾಗಿ ನೋಡಿದೆ. ವ್ಯಾಸ 28 ಮಿ.ಮೀ. ನಮ್ಮ ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಅಂಕಿಗಳ ಎತ್ತರ ಎರಡು ಮಿಲಿಮೀಟರ್ ಕೂಡ ಇಲ್ಲ. ಐದನೆಯ ಗೆರೆಗೂ ಮಿಕ್ಕವಕ್ಕೂ ಉದ್ದದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಎಲ್ಲಕ್ಕಿಂತ ಮೇಲೆ ಕನ್ನಡಿಯಂಥ ಹೊಳಪು. ದೀಪ ಹಾಕಿದರೆ ದೀಪವೇ ಕಾಣುತ್ತದೆ, ಗೆರೆ ಕಾಣುವುದಿಲ್ಲ. ಅರವತ್ತು ದಾಟಿದ ಕಣ್ಣಿನ ಒಳಪರದೆಗೆ ಇಪ್ಪತ್ತರ ಹರೆಯದಲ್ಲಿ ಬೀಳುತ್ತಿದ್ದ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ಬೀಳುತ್ತದಂತೆ. ಪಾಪೆ ಕಿರಿದಾಗಿರುತ್ತದೆ. ಹಾಗಿರುವಾಗ ಈ ಡಯಲ್ಲನ್ನು ಮಾಡಿದವನು ಯಾರ ಕಣ್ಣನ್ನು ನೆನೆದು ಮಾಡಿದ?

ಹೊಸದು ಮಾಡುವುದೆಂದು ನಿರ್ಧಾರವಾಯಿತು.

ಎಷ್ಟು ದೊಡ್ಡದು? ರಟ್ಟಿನ ಬಿಲ್ಲೆಗಳನ್ನು ಕತ್ತರಿಸಿ ಹಳೆಯ ಡಯಲ್ ಜಾಗಕ್ಕೆ ಹಾಕಿ ನೋಡಿದೆ. 65 ಮಿ.ಮೀ. ಬಿಲ್ಲೆ ಕೆಳಗಿನ ಕೈಚಕ್ರದ ಹಿಡಿಕೆಗೆ ತಾಗಿತು. 58ಕ್ಕೂ ಬೆರಳು ಸಿಕ್ಕಿಕೊಂಡಿತು. 52ಕ್ಕೆ ನಿರಾಳ. ರಟ್ಟು ಖರ್ಚಿಲ್ಲದ ಉಪಾಧ್ಯಾಯ, ಲೋಹಕ್ಕೆ ಕೈ ಹಾಕುವ ಮೊದಲು ಅದರ ಹತ್ತಿರ ಹೋಗಬೇಕು. ಮಾಡಬೇಕಾದದ್ದು ಪೂರ್ತಿ ಡಯಲ್ ಅಲ್ಲ, ಹಳೆಯ ಡಯಲ್ಲಿನ ಮೇಲೆ ಬಳೆಯ ಹಾಗೆ ಕೂರುವ ಅಲ್ಯೂಮಿನಿಯಂ ಉಂಗುರ. ಹೊರವ್ಯಾಸ 52, ಒಳವ್ಯಾಸ 28, ಅಗಲ 16. ಒಂದು ಗ್ರಬ್ ಸ್ಕ್ರೂ ಬಿಗಿದರೆ ಆಯಿತು. ಡಯಲ್ಲನ್ನು ಸೊನ್ನೆಗೆ ತಿರುಗಿಸಿಕೊಳ್ಳುವ ಒಳಗಿನ ಸ್ಪ್ರಿಂಗ್ ವ್ಯವಸ್ಥೆ ಹಾಗೇ ಇರುತ್ತದೆ.

ಉಂಗುರ ಮಾಡುವುದು ಅರ್ಧ ದಿನದ ಕೆಲಸ. ಅದರ ಮೇಲೆ ಸಮನಾಗಿ ಗೆರೆ ಹಾಕುವುದೇ ವಿದ್ಯೆ. ವೃತ್ತವನ್ನು ಸಮಭಾಗ ಮಾಡುವುದು ಮನುಷ್ಯನನ್ನು ಬಹಳ ಕಾಲ ಸತಾಯಿಸಿದ ಪ್ರಶ್ನೆ. ಹಡಗಿನವರು ಸೂರ್ಯ ನಕ್ಷತ್ರಗಳ ಎತ್ತರ ಅಳೆಯುವ ಉಪಕರಣಗಳಿಗೆ ಒಂದೊಂದು ಗೆರೆಯನ್ನೂ ಕೈಯಿಂದ ಕೊರೆಯಬೇಕಿತ್ತು. 1770ರ ದಶಕದಲ್ಲಿ ಲಂಡನ್ನಿನ ಜೆಸ್ಸಿ ರಾಮ್ಸ್‌ಡೆನ್ ಅದಕ್ಕೆಂದೇ ಒಂದು ಯಂತ್ರ ಮಾಡಿದ. ಅದರ ದೊಡ್ಡ ಚಕ್ರಕ್ಕೆ 2160 ಹಲ್ಲು. ಸ್ಕ್ರೂವನ್ನು ಆರು ಸುತ್ತು ತಿರುಗಿಸಿದರೆ ಚಕ್ರ ಸರಿಯಾಗಿ ಒಂದು ಡಿಗ್ರಿ ತಿರುಗುತ್ತಿತ್ತು. ಅಂದರೆ ಉಪಾಯ ಇಷ್ಟೇ: ಒಮ್ಮೆ ಕಷ್ಟಪಟ್ಟು ಒಂದು ಹಲ್ಲಿನ ಚಕ್ರ ಮಾಡಿಕೊಂಡರೆ, ಮುಂದಿನ ಭಾಗಾಕಾರವನ್ನೆಲ್ಲ ಆ ಹಲ್ಲುಗಳೇ ಮಾಡುತ್ತವೆ.

ನನ್ನ ಬಳಿ 2160 ಹಲ್ಲಿನ ಚಕ್ರ ಇಲ್ಲ. ಆದರೆ ಥ್ರೆಡ್ ಕೊರೆಯಲು ಮೆಷಿನ್ನಿನ ಜೊತೆಗೇ ಬಂದ ಪ್ಲಾಸ್ಟಿಕ್ ಗೇರುಗಳಲ್ಲಿ 50 ಹಲ್ಲಿನದೊಂದು ಇತ್ತು. ಸ್ಪಿಂಡಲ್ಲಿನ ಹಿಂದಿನ ತೂತಿಗೆ ಬಿಗಿಯಾಗಿ ಕೂರುವ ಒಂದು ಆರ್ಬರ್ ಮಾಡಿ ಗೇರನ್ನು ಅದಕ್ಕೆ ಕೂಡಿಸಿದೆ. ಹಳೆಯ ಗರಗಸದ ಬ್ಲೇಡಿನ ತುಂಡಿನ ತುದಿಯನ್ನು ಹಲ್ಲಿನ ಸಂದಿಗೆ ಸರಿಯಾಗುವಂತೆ ಉಜ್ಜಿ, ಸ್ಪ್ರಿಂಗಿನ ಹಾಗೆ ಒತ್ತುವಂತೆ ನಿಲ್ಲಿಸಿದೆ. ಒಂದೊಂದು ಹಲ್ಲಿಗೂ 'ಟಕ್' ಅಂತ ನಿಲ್ಲುತ್ತದೆ. ಚಕ್ಕಿನಲ್ಲಿ ಉಂಗುರ. ಟೂಲ್ ಪೋಸ್ಟಿನಲ್ಲಿ ಚೂಪಾದ ಟೂಲನ್ನು ಮಗ್ಗುಲಿಗೆ ಮಲಗಿಸಿ ಬಿಗಿದಿದ್ದೆ. ಮೆಷಿನ್ ಪ್ಲಗ್ ಕಿತ್ತು ಪಕ್ಕಕ್ಕಿಟ್ಟೆ. ಇನ್ನು ವಿದ್ಯುತ್ತಿನ ಕೆಲಸ ಇಲ್ಲ, ಕೈಚಕ್ರ ತಿರುಗಿಸಿ ಟೂಲನ್ನು ಉದ್ದಕ್ಕೆ ಎಳೆದರೆ ಒಂದು ಗೆರೆ.

ಈಗ ನನ್ನ ಮೊದಲ ದಡ್ಡತನ. 50 ಹಲ್ಲಿಗೆ 50 ಗೆರೆ ಬರುತ್ತದೆ. ನನಗೆ 100 ಬೇಕಿತ್ತು. ನೂರು ಗೆರೆ ಇದ್ದರೆ ಒಂದು ಗೆರೆಗೆ 0.01 ಮಿ.ಮೀ., ಅಂದವಾದ ಲೆಕ್ಕ. ಟೂಲ್‌ರೂಮಿನವನ ಮರ್ಯಾದೆ 0.01ರಲ್ಲಿ ಇದೆ ನೋಡಿ! ಅದಕ್ಕೆ ಮೊದಲು 50 ಗೆರೆ ಹಾಕಿ, ಆಮೇಲೆ ಬ್ಲೇಡಿನ ಕೆಳಗೆ ತಗಡು ಕೊಟ್ಟು ಅದನ್ನು ಅರ್ಧ ಹಲ್ಲಿನಷ್ಟು ಸರಿಸಿ, ನಡುನಡುವೆ ಇನ್ನೂ 50 ಗೆರೆ ಹಾಕಿದೆ. ಮೂರು ಸಂಜೆ ಹಿಡಿಯಿತು. ಬಟ್ಟೆಯಿಂದ ಒರೆಸಿ ನೋಡಿದರೆ... ಅರ್ಧ ಅಂತ ನಾನು ಕಣ್ಣಳತೆಯಲ್ಲಿ ಸರಿಸಿದ್ದು ಅರ್ಧ ಆಗಿರಲಿಲ್ಲ. ಒಂದು ಸಂದು ಅಗಲ, ಒಂದು ಸಂದು ಇಕ್ಕಟ್ಟು, ಮತ್ತೆ ಅಗಲ, ಮತ್ತೆ ಇಕ್ಕಟ್ಟು. ಸುತ್ತ ನೂರು ಗೆರೆ ಕುಂಟುತ್ತ ನಡೆಯುತ್ತಿದ್ದವು. ಯಾವ ಕಣ್ಣನ್ನು ನಂಬಲಾರದೆ ಈ ಕೆಲಸ ಶುರು ಮಾಡಿದೆನೋ, ಅದೇ ಕಣ್ಣನ್ನು ನಂಬಿ ಅರ್ಧ ಹಲ್ಲು ಅಳೆದಿದ್ದೆ.

ಆದರೂ ಮೆಷಿನ್ನಿಗೆ ಹಾಕಿ ಎರಡು ಅಡಿ ದೂರ ನಿಂತೆ. ಆಗ ಇನ್ನೊಂದು ಗೊತ್ತಾಯಿತು. ಕುಂಟದೇ ಇದ್ದಿದ್ದರೂ ಇದು ಪ್ರಯೋಜನವಿರಲಿಲ್ಲ. 52 ಮಿ.ಮೀ. ವ್ಯಾಸದ ಸುತ್ತಳತೆ 163 ಮಿ.ಮೀ. ಅದಕ್ಕೆ ನೂರು ಗೆರೆ ಅಂದರೆ ಗೆರೆಯಿಂದ ಗೆರೆಗೆ 1.63. ಹಳೆಯ ಪುಟ್ಟ ಡಯಲ್ಲಿನಲ್ಲೇ ಅದು 2.2 ಇತ್ತು! ಡಯಲ್ ದೊಡ್ಡದು ಮಾಡಿ ಗೆರೆಗಳನ್ನು ಇನ್ನೂ ಇಕ್ಕಟ್ಟು ಮಾಡಿದ್ದೆ. ದೊಡ್ಡ ಮನೆ ಕಟ್ಟಿ ಅದರ ತುಂಬ ಬಾಡಿಗೆದಾರರನ್ನು ತುಂಬಿದ ಹಾಗೆ.

ಆ ರಾತ್ರಿ ಊಟ ಸೇರಲಿಲ್ಲ. ಶ್ರೀಮತಿ ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇಷ್ಟೊಂದು ಗೆರೆ ಯಾಕ್ರೀ? ನನ್ನ ಅಳತೆ ಲೋಟಕ್ಕೆ ನಾಲ್ಕೇ ಗೆರೆ ಇರೋದು. ಯಾವತ್ತಾದ್ರೂ ಅನ್ನ ಕೆಟ್ಟಿದೆಯಾ?" ಅಂದಳು. ನಾನು ಏನೋ ರೇಗಿದೆ. ಬೆಳಗಿನ ಜಾವ ಎಚ್ಚರವಾದಾಗ ಅದೇ ಮಾತು ತಲೆಯಲ್ಲಿತ್ತು. ಎದ್ದು ಕಾಗದ ಪೆನ್ಸಿಲ್ ತೆಗೆದುಕೊಂಡೆ.

ಬರೀ 50 ಗೆರೆ ಇಟ್ಟರೆ? ಗೆರೆಯಿಂದ ಗೆರೆಗೆ 3.27 ಮಿ.ಮೀ., ಹಳೆಯದರ ಒಂದೂವರೆ ಪಟ್ಟು. ಒಂದು ಗೆರೆಗೆ ಟೂಲ್ 0.02 ಒಳಗೆ ಹೋಗುತ್ತದೆ, ವ್ಯಾಸದಲ್ಲಿ 0.04 ಕಡಿಮೆಯಾಗುತ್ತದೆ. 0.04 ಅಂದರೆ ವಿಚಿತ್ರ ಸಂಖ್ಯೆ ಅನ್ನಿಸಿತು. ಆದರೆ ಐದು ಗೆರೆಗೆ? 0.04 ಐದ್ಲಿ 0.20! ಐದನೆಯ ಗೆರೆಯನ್ನು ಉದ್ದ ಮಾಡಿ ಅಲ್ಲಿ '2' ಅಂತ ಬರೆದರೆ ಅದು ವ್ಯಾಸದಲ್ಲಿ 0.2. ಮುಂದಿನದು 4, ಆಮೇಲೆ 6, 8, 10... 18ರವರೆಗೆ. ಸುತ್ತಲೂ ಹತ್ತೇ ಅಂಕಿ, ಒಂದರಿಂದ ಇನ್ನೊಂದಕ್ಕೆ 16 ಮಿ.ಮೀ. ದೂರ. ಎಷ್ಟು ದಪ್ಪ ಬೇಕಾದರೂ ಬರೆಯಬಹುದು. ಮೈಕ್ರೋಮೀಟರ್ ಹೇಳುವುದು ವ್ಯಾಸ, ಡ್ರಾಯಿಂಗಿನಲ್ಲಿ ಇರುವುದು ವ್ಯಾಸ, ಈಗ ಡಯಲ್ಲೂ ವ್ಯಾಸವನ್ನೇ ಹೇಳುತ್ತದೆ. ಮನಸ್ಸಿನಲ್ಲಿ ಎರಡರಿಂದ ಗುಣಿಸುವ, ಭಾಗಿಸುವ ಕೆಲಸವೇ ಇಲ್ಲ. ಎರಡು ಗೆರೆಯ ನಡುವಿನ ಅರ್ಧವನ್ನು ಕಣ್ಣೇ ಅಂದಾಜು ಮಾಡುತ್ತದೆ, ಸಂದು ಅಗಲ ಇದ್ದರೆ. ನಾನು ಹಾಕಬೇಕಾಗಿದ್ದದ್ದು ಇನ್ನೂ ಐವತ್ತು ಗೆರೆ ಅಲ್ಲ, ಬಿಡಬೇಕಾಗಿದ್ದದ್ದು.

ಎರಡನೇ ಉಂಗುರಕ್ಕೆ ಐವತ್ತೇ ಗೆರೆ. ಸಣ್ಣದು 5 ಮಿ.ಮೀ. ಉದ್ದ, ಐದನೆಯದು 9 ಮಿ.ಮೀ. ಎಲ್ಲಿ ನಿಲ್ಲಬೇಕೋ ಅಲ್ಲಿ ತಡೆಯಲು ಎರಡು ಅಳತೆಯ ಕಬ್ಬಿಣದ ತುಂಡು ಇಟ್ಟುಕೊಂಡೆ. ಆಳ 0.15, ಒಂದೇ ಸಲ ಎಳೆದರೆ ಅಲ್ಯೂಮಿನಿಯಂ ಅಂಚು ಎದ್ದು ಬರುತ್ತದೆ, ಆದ್ದರಿಂದ ಮೂರು ಸಲ, 0.05ರ ಹಾಗೆ. ಒಟ್ಟು 150 ಎಳೆತ. (ಆ 0.05ನ್ನು ತೋರಿಸಿದ್ದು ಹಳೆಯ ಡಯಲ್ಲೇ. ಭೂತಗನ್ನಡಿ ಹಿಡಿದು ನೋಡಿದೆ. ಹೋಗುವ ಮುನ್ನ ಒಂದು ಉಪಕಾರ ಮಾಡಿ ಹೋಯಿತು.)

ಎಣಿಸುವಾಗ ಒಂದು ಸಂಗತಿ ಗಮನಿಸಿದೆ. ನಲವತ್ತನಾಲ್ಕು ವರ್ಷದಿಂದ ಮಹಾರಾಷ್ಟ್ರದಲ್ಲಿದ್ದೇನೆ. ತರಕಾರಿ ಚೌಕಾಶಿ ಮರಾಠಿಯಲ್ಲಿ, ಬೈಗುಳವೂ ಮರಾಠಿಯಲ್ಲಿ. ಆದರೆ ಟಕ್ ಅಂತ ಹಲ್ಲು ದಾಟಿದಾಗೆಲ್ಲ ಬಾಯಿ ತಾನಾಗಿ "ಒಂದು, ಎರಡು, ಮೂರು, ನಾಕು, ಉದ್ದ" ಅಂತ ಕನ್ನಡದಲ್ಲೇ ಎಣಿಸುತ್ತಿತ್ತು. ನಿಮಗೂ ಹೀಗೇನಾ? ದುಡ್ಡು ಎಣಿಸುವಾಗ, ಮೆಟ್ಟಿಲು ಎಣಿಸುವಾಗ, ಕುಕ್ಕರ್ ಸೀಟಿ ಎಣಿಸುವಾಗ ಯಾವ ಭಾಷೆ ಬರುತ್ತದೆ ಅಂತ ಒಮ್ಮೆ ಗಮನಿಸಿ.

ಅಂಕಿ ಒತ್ತಲು ನಂಬರ್ ಪಂಚ್ ಬೇಕು. ಪುಣೆಯ ಜೂನಾ ಬಜಾರಿನಲ್ಲಿ (ಬುಧವಾರ, ಭಾನುವಾರ ನಡೆಯುತ್ತದೆ, ಹಳೆ ಕಬ್ಬಿಣ ಇಷ್ಟಪಡುವವರಿಗೆ ತೀರ್ಥಕ್ಷೇತ್ರ) 4 ಮಿ.ಮೀ. ಅಕ್ಷರದ ಹಳೆಯ ಸೆಟ್ ಸಿಕ್ಕಿತು. ಡಬ್ಬಿಯಲ್ಲಿ ಒಂಬತ್ತೇ ಪಂಚ್ ಇದ್ದವು. ಮಾರುವವನು "ಒಂದು ಕಡಿಮೆ ಇದೆ, ಅದಕ್ಕೇ ಅಗ್ಗ" ಅಂದ. ಕಡಿಮೆ ಏನಿಲ್ಲ, ಆರನ್ನೇ ತಲೆಕೆಳಗೆ ಮಾಡಿದರೆ ಒಂಬತ್ತು. ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ, ಅಗ್ಗಕ್ಕೇ ತಂದೆ :)

ಅಂಕಿ ಓರೆಕೋರೆ ಆಗದಂತೆ, ಪಂಚ್ ಸರಿಯಾಗಿ ತೂರುವ ಚೌಕ ತೂತಿನ ಒಂದು ಕಬ್ಬಿಣದ ದಿಮ್ಮಿಯನ್ನು ಟೂಲ್ ಪೋಸ್ಟಿನಲ್ಲಿ ಕಟ್ಟಿದೆ. ಪ್ರತಿ ಉದ್ದ ಗೆರೆಯ ಎದುರು ಉಂಗುರ ತಾನಾಗಿ ನಿಲ್ಲುತ್ತದೆ. ಬೆರಳಿನಿಂದ ಹಿಡಿದು ಮೆಲ್ಲಗೆ ತಟ್ಟಿ ಗುರುತು ಮಾಡಿಕೊಂಡು, ಆಮೇಲೆ ಉಂಗುರವನ್ನು ತೆಗೆದು ದಪ್ಪ ಸರಳಿಗೆ ತೂರಿಸಿ ಒಂದೇ ಏಟು. ಲೇಥಿನ ಮೇಲೇ ಸುತ್ತಿಗೆಯ ಪೂರ್ತಿ ಏಟು ಹಾಕಿದರೆ ಬೇರಿಂಗ್ ಹಾಳಾಗುತ್ತದೆ, ಮಾಡಬೇಡಿ. ಹದಿನಾಲ್ಕರ '4' ತುಸು ವಾಲಿದೆ. ಇರಲಿ, ದೃಷ್ಟಿಬೊಟ್ಟು.

ಕೊನೆಗೆ ಗೆರೆ, ಅಂಕಿಗಳಲ್ಲೆಲ್ಲ ಕಪ್ಪು ಬಣ್ಣ ತುಂಬಿ, ಎರಡು ದಿನ ಒಣಗಲು ಬಿಟ್ಟು, ನೀರು ಹಾಕಿ 600 ನಂಬರಿನ ಉಜ್ಜು ಕಾಗದದಿಂದ ಮೇಲ್ಮೈ ಉಜ್ಜಿದೆ. ಮೇಲಿನ ಬಣ್ಣ ಹೋಗಿ ಗೆರೆಯೊಳಗಿನದು ಉಳಿಯಿತು. ಕೈ ಅಭ್ಯಾಸದಂತೆ ಪಾಲಿಶ್ ಡಬ್ಬಿಯ ಕಡೆ ಹೋಯಿತು. ನಮ್ಮ ಕಾಲದಲ್ಲಿ ಮುಖ ಕಾಣುವ ಹಾಗೆ ಹೊಳೆದರೇ ಒಳ್ಳೆ ಕೆಲಸ. ತಡೆದುಕೊಂಡೆ. ಹೊಳಪೇ ಅಲ್ಲವೇ ಶತ್ರು? ಬೂದಿ ಬಣ್ಣದ ಮಂಕು ಮೈ, ಅದರ ಮೇಲೆ ಕಪ್ಪು ಗೆರೆ. ಸೊನ್ನೆ ತೋರಿಸುವ ಪಟ್ಟಿಯನ್ನೂ ಹೊಸದಾಗಿ, ಡಯಲ್ಲಿನ ಮಟ್ಟಕ್ಕೇ ಬರುವಂತೆ ಮಾಡಿದೆ. ಎರಡರಲ್ಲಿ ಒಂದು ಮೇಲೆ ಒಂದು ಕೆಳಗೆ ಇದ್ದರೆ, ತಲೆ ಅತ್ತಿತ್ತ ಆದ ಹಾಗೆ ಗೆರೆಯೂ ಅತ್ತಿತ್ತ ಆಗುತ್ತದೆ.

ಮೆಷಿನ್ನಿಗೆ ಹಾಕಿದೆ. ಎರಡು ಅಡಿ ದೂರ ನಿಂತೆ. ಕನ್ನಡಕ ತೆಗೆದೆ. 0, 2, 4, 6, 8.

ಕಾಣುತ್ತದೆ ಮಾರಾಯ್ರೇ! ಅದೇ ಕಣ್ಣು, ಅದೇ ಮಸೂರ, ಅದೇ ದೂರ, ಅದೇ ದೀಪ. ಅಂಚು ಸ್ವಲ್ಪ ಮಬ್ಬು ಇದೆ, ಆದರೆ ಎರಡು ಎರಡಾಗಿಯೇ ಇದೆ, ಮೂರರ ಹಾಗೆ ಕಾಣುವುದಿಲ್ಲ. ಒಂದು ಸರಳು ಕಟ್ಟಿ, ವ್ಯಾಸದಲ್ಲಿ 0.20 ತೆಗೆಯೋಣ ಅಂತ ಐದು ಗೆರೆ ಕೊಟ್ಟೆ. ಮೈಕ್ರೋಮೀಟರ್ 0.19 ಅಂದಿತು. ಮತ್ತೆ ಐದು ಗೆರೆ. 0.20. ಮತ್ತೆ ಐದು. 0.21. ಸಾಕಲ್ಲ. ತಲೆ ಒಮ್ಮೆಯೂ ಬಗ್ಗಿಸಲಿಲ್ಲ.

ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಸ್ವಲ್ಪ ಹೊತ್ತಿಗೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ಕೆಟ್ಟಿದ್ದದ್ದು ಕಣ್ಣೋ ಡಯಲ್ಲೋ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಉತ್ತರ ನನ್ನೊಬ್ಬನಿಗೆ ಮಾತ್ರ ಸಿಕ್ಕಿದ್ದಲ್ಲವಲ್ಲ. ಭೋಸರಿಯ ಆ ಮೆಷಿನ್ನಿಗೂ ಇಂಥದ್ದೊಂದು ಉಂಗುರ ಮಾಡಬಹುದಿತ್ತು. ಡಿವೈಡಿಂಗ್ ಹೆಡ್ ಇತ್ತು, ಪಂಚ್ ಇತ್ತು, ಅಲ್ಯೂಮಿನಿಯಂ ರಾಶಿ ಇತ್ತು. ಒಂದು ಶಿಫ್ಟಿನ ಕೆಲಸ. ಅಥವಾ ಅದೂ ಬೇಡ, ಆ ಹುಡುಗನನ್ನು ಒಂದು ದಿನ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದ್ದರೆ ಸಾಕಿತ್ತು. "ಕಾಣುವುದಿಲ್ಲ" ಅಂತ ಅವನು ಹೇಳಿದ್ದು ನೆಪ ಅಲ್ಲ, ಅಳತೆ. ಟೂಲ್‌ರೂಮಿನಲ್ಲಿ ಎಲ್ಲ ಅಳತೆಯನ್ನೂ ಎರಡೆರಡು ಸಲ ನೋಡುತ್ತಿದ್ದ ನಾನು ಅದೊಂದನ್ನು ನೋಡಲಿಲ್ಲ.

ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಿ ವಿಚಾರಿಸಿದೆ. ಒಬ್ಬರಿಗೆ ಅವನ ಮುಖ ನೆನಪಿದೆ, ಹೆಸರು ನೆನಪಿಲ್ಲ. ಇನ್ನೊಬ್ಬರು "ಯಾವ ಹುಡುಗ? ನೀವು ದಿನಾ ಯಾರಿಗಾದರೂ ಬೈತಾನೇ ಇದ್ರಲ್ಲ" ಅಂದು ನಕ್ಕರು. ಈಗ ಅವನಿಗೂ ನಲವತ್ತೇಳರ ಹತ್ತಿರ ಆಗಿರಬೇಕು. ಹತ್ತಿರದ ನೋಟಕ್ಕೆ ಇನ್ನೊಂದು ಕನ್ನಡಕ ಬಂದಿರಬೇಕು. ಸಿಕ್ಕಿಲ್ಲ.

ಮೇ ತಿಂಗಳಲ್ಲಿ ಮೊಮ್ಮಗ ಬೇಸಿಗೆ ರಜೆಗೆ ಬಂದ. ಅವನಿಗೂ ಹೇಳಬೇಕಾದದ್ದೊಂದು ಇತ್ತಲ್ಲ. ಹೊಸ ಪಿಸ್ಟನ್ನಿಗೆ ಹಿತ್ತಾಳೆ ಕಟ್ಟುತ್ತ, "ಹೋದ ಸಲ ಹಿತ್ತಾಳೆ ಚೆನ್ನಾಗೇ ಇತ್ತು ಕಣೋ. ನನಗೆ ಅಂಕಿ ಕಾಣಲಿಲ್ಲ. ಸುಳ್ಳು ಹೇಳಿದೆ" ಅಂದೆ.

"ಗೊತ್ತಿತ್ತು ಅಜ್ಜ" ಅಂದ. "ನೀನು ಮೂಗು ತಗೊಂಡು ಹೋಗಿ ಡಯಲ್ಲಿಗೆ ಇಟ್ಟಿದ್ದೆ. ನಂಗೆ ಸ್ಟೂಲಿಂದಾನೇ ಮೂವತ್ತು ಅಂತ ಕಾಣ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಬೈತೀಯ ಅಂತ."

ಈ ಸಲ ಡಯಲ್ ಓದುವ ಕೆಲಸ ಅವನಿಗೇ ಕೊಟ್ಟೆ. ನಾನು ಕೈಚಕ್ರ ತಿರುಗಿಸುವುದು, ಅವನು ಸ್ಟೂಲಿನಿಂದ ಕನ್ನಡದಲ್ಲಿ ಕೂಗುವುದು. ಬೆಂಗಳೂರಿನ ಶಾಲೆಯ ಹುಡುಗ, "ಹದಿನಾಲ್ಕು" ಅನ್ನಲು ಒಂದು ಕ್ಷಣ ತಡವರಿಸುತ್ತಾನೆ. ಪಿಸ್ಟನ್ 19.97ಕ್ಕೆ ಬಂತು. ಸಿಲಿಂಡರಿಗೆ ಹಾಕಿ ಕೆಳಗಿನ ತೂತನ್ನು ಬೆರಳಿನಿಂದ ಮುಚ್ಚಿದರೆ ಪಿಸ್ಟನ್ ಗಾಳಿಯ ಮೇಲೆ ನಿಲ್ಲುತ್ತದೆ, ಬೆರಳು ತೆಗೆದರೆ ಮೆಲ್ಲಗೆ ಇಳಿಯುತ್ತದೆ. ಅವನು ಅದನ್ನೇ ಮಧ್ಯಾಹ್ನವೆಲ್ಲ ಮಾಡುತ್ತ ಕೂತಿದ್ದ.

ಕುಂಟು ಗೆರೆಯ ಮೊದಲ ಉಂಗುರವನ್ನು ಎಸೆದಿಲ್ಲ, ಕಿಟಕಿಯ ಮೊಳೆಗೆ ನೇತುಹಾಕಿದ್ದೇನೆ. ಮೇಲಿನ ಸಣ್ಣ ಸ್ಲೈಡಿನ ಡಯಲ್ ಇನ್ನೂ ಹಳೆಯದೇ ಇದೆ, ಮಳೆಗಾಲದಲ್ಲಿ ಅದಕ್ಕೂ ಕೈ ಹಾಕಬೇಕು. ನಿಮ್ಮಲ್ಲಿ ಯಾರ ಬಳಿಯಾದರೂ ಇಂಥ ಮೆಷಿನ್ ಇದ್ದು ಡಯಲ್ ಕಾಣದೆ ಒದ್ದಾಡುತ್ತಿದ್ದರೆ ಮೇಲಿನ ಅಳತೆಗಳನ್ನು ಧಾರಾಳವಾಗಿ ಬಳಸಿಕೊಳ್ಳಿ. ಮೊದಲು ರಟ್ಟಿನಲ್ಲಿ ಮಾಡಿ ನೋಡುವುದನ್ನು ಮರೆಯಬೇಡಿ.

ಮತ್ತೆ, ಕೈಕೆಳಗೆ ಹುಡುಗರು ಇರುವವರು, ಅವರಲ್ಲಿ ಒಬ್ಬ ತಲೆ ಬಗ್ಗಿಸಿ ನೋಡುತ್ತಿದ್ದರೆ, ಕಾಲರ್ ಹಿಡಿದು ಎಳೆಯಿರಿ. ಎಳೆದ ಮೇಲೆ ಒಂದು ಮಾತು ಕೇಳಿ, "ಕಾಣ್ತದೇನಪ್ಪಾ?" ಅಂತ.